ಜಗಲಿಯ ಮಾತು: ಯಾರೋ ಹೋದರು, ನಮ್ಮೂರು ನೆನಪಾಯಿತು

ಪುರಾಣಗಳ ಪ್ರಕಾರ ಯುಗಗಳು ನಾಲ್ಕೇ ನಾಲ್ಕು. ಮೂರು ಆಗಲೇ ಮುಗಿದಿವೆ. ನಾಲ್ಕನೆಯದಾದ ಕಲಿಯುಗ ಮುಗಿಯಲು ಇನ್ನೂ ನಾಲ್ಕು ಲಕ್ಷ ವರ್ಷಗಳಿಗೂ ಮೇಲ್ಪಟ್ಟು ಬಾಕಿಯಿದೆಯೆಂದು ಪಂಚಾಂಗದವರು ಹೇಳುತ್ತಾರೆ. ಆದರೆ ವೃತ್ತಪತ್ರಿಕೆಯವರ ಲೆಕ್ಕವೇ ಬೇರೆ. ಹೆಸರಾಂತ ನಟರೊಬ್ಬರು ತೀರಿಕೊಂಡರೆ ಮರುದಿನ ಬೆಳಿಗ್ಗೆ ದಪ್ಪಕ್ಷರಗಳಲ್ಲಿ ‘ಒಂದು ಯುಗದ ಅಂತ್ಯ’. ಮೂರು ತಿಂಗಳು ಕಳೆದು ಗಾಯಕರೊಬ್ಬರು ಕಣ್ಣು ಮುಚ್ಚಿದರೆ ಮತ್ತೊಂದು ಯುಗದ ಅಂತ್ಯ. ಈ ಲೆಕ್ಕದಂತೆ ನನ್ನ ಒಂದೇ ಜನ್ಮದಲ್ಲಿ ಮುಗಿದಿರುವ ಯುಗಗಳನ್ನು ಕೂಡಿಸಹೊರಟರೆ ಬ್ರಹ್ಮದೇವರಿಗೂ ನಾಲ್ಕು ಕೈಗಳ ಬೆರಳುಗಳು ಸಾಲವು.

ತಮಾಷೆ ಹಾಗಿರಲಿ. ಪತ್ರಿಕೆಯವರದು ಉತ್ಪ್ರೇಕ್ಷೆಯಾದರೂ, ಅದನ್ನು ಓದುವಾಗ ನಮ್ಮ ಎದೆಯಲ್ಲಿ ಏನೋ ಕಳಚಿಕೊಂಡಂತಾಗುವುದು ಸುಳ್ಳಲ್ಲ. ೨೦೨೨ರ ಫೆಬ್ರವರಿ ೬ರಂದು ಲತಾ ಮಂಗೇಶ್ಕರರು ಮುಂಬಯಿಯಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತೆರಡು ವರ್ಷ. ತುಂಬಿದ ಬಾಳು, ತುಂಬಿದ ಕೀರ್ತಿ; ಅಕಾಲಮರಣವೆಂದು ಯಾರೂ ಹೇಳುವಂತಿರಲಿಲ್ಲ. ಆದರೂ ಎಷ್ಟು ಮನೆಗಳಲ್ಲಿ ಅಂದು ಹಿರಿಯರು ಊಟದ ತಟ್ಟೆಯ ಮುಂದೆ ಸುಮ್ಮನೆ ಕುಳಿತರು! ನನಗೆ ಗೊತ್ತಿರುವ ಒಂದು ಮನೆಯಲ್ಲಿ ಹತ್ತು ವರ್ಷದ ಮೊಮ್ಮಗ ಅಜ್ಜನ ಕಣ್ಣೊರಸುವುದನ್ನು ನೋಡಿ, “ಅಜ್ಜ, ನಿಮಗೆ ಅವರ ಪರಿಚಯ ಇತ್ತಾ?” ಎಂದು ಕೇಳಿದನಂತೆ. ಅಜ್ಜನಿಗೆ ಉತ್ತರ ಹೊಳೆಯಲಿಲ್ಲ. ಹುಡುಗ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಒಮ್ಮೆಯೂ ನೋಡದ, ಒಂದು ಮಾತೂ ಆಡದ, ನಾವು ಇದ್ದೇವೆಂಬುದೇ ತಿಳಿಯದ ಒಬ್ಬರು ಹೋದರೆ ನಮಗೇಕೆ ಅಳು? ಈ ಸಲದ ಜಗಲಿಯಲ್ಲಿ ಆ ಹುಡುಗನ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ.

ಇಂಥ ದಿನಗಳಲ್ಲಿ ಜನ ಆಡುವ ಮಾತನ್ನು ಸ್ವಲ್ಪ ಗಮನವಿಟ್ಟು ಕೇಳಿರಿ. ವ್ಯಾಕರಣದ ದೃಷ್ಟಿಯಿಂದ ಅದೊಂದು ಸೋಜಿಗ. ಮೊದಲನೆಯ ವಾಕ್ಯದ ಕರ್ತೃಪದ ಸತ್ತವರು: “ಎಂಥ ಕಂಠ ಅವರದು!” ಎರಡನೆಯದಕ್ಕೆ ಹಾಡೋ ಚಿತ್ರವೋ ಬರುತ್ತದೆ: “ಆ ಸಿನಿಮಾ ಬಂದ ವರ್ಷ...” ಮೂರನೆಯ ವಾಕ್ಯದ ಹೊತ್ತಿಗೆ ಕರ್ತೃಪದ ‘ನಾವು’ ಆಗಿರುತ್ತದೆ: “ಆಗ ನಾವು ಪರೇಲಿನ ಚಾಳಿನಲ್ಲಿದ್ದೆವು. ಅಪ್ಪ ಇನ್ನೂ ಇದ್ದರು.” ಅಲ್ಲಿಂದ ಮುಂದೆ ಮಾತು ತಿರುಗಿ ಸತ್ತವರ ಕಡೆಗೆ ಹೋಗುವುದೇ ಇಲ್ಲ. ಇದನ್ನು ಸ್ವಾರ್ಥವೆಂದು ಹೇಳುವವರುಂಟು. ನನಗೆ ಹಾಗೆ ತೋರುವುದಿಲ್ಲ. ಆ ಮೂರನೆಯ ವಾಕ್ಯದಲ್ಲಿಯೇ ಹುಡುಗನ ಪ್ರಶ್ನೆಗೆ ಉತ್ತರವಿದೆ.

ಮೊದಲಿಗೆ, ಈ ಮಹನೀಯರು ನಮಗೆ ಗಡಿಯಾರಗಳು. ೧೯೫೨ರ ಕೊನೆಯಲ್ಲಿ ರೇಡಿಯೋ ಸಿಲೋನಿನಿಂದ ‘ಬಿನಾಕಾ ಗೀತಮಾಲಾ’ ಶುರುವಾಯಿತು. ಬುಧವಾರ ರಾತ್ರಿ ಎಂಟು ಗಂಟೆಗೆ ಅಮೀನ್ ಸಯಾನಿಯವರ ದನಿ ಕೇಳಿಬಂದರೆ ಆ ದಿನ ಬುಧವಾರವೆಂದು ತಿಳಿಯುವುದಕ್ಕೆ ಬೇರೆ ಪಂಚಾಂಗ ಬೇಕಿರಲಿಲ್ಲ. ಕನ್ನಡ ಮನೆಗಳಲ್ಲಿ ಅದೇ ಕೆಲಸವನ್ನು ರಾಜಕುಮಾರರ ಚಿತ್ರಗಳು ಮಾಡಿದವು. ‘ಬೇಡರ ಕಣ್ಣಪ್ಪ’ ೧೯೫೪, ‘ಕಸ್ತೂರಿ ನಿವಾಸ’ ೧೯೭೧, ‘ಬಂಗಾರದ ಮನುಷ್ಯ’ ೧೯೭೨. ಮಗಳು ಹುಟ್ಟಿದ ವರ್ಷವನ್ನು ಪುರಸಭೆಯ ಚೀಟಿ ನೋಡಿ ಹೇಳುವ ತಾಯಂದಿರು ಕಡಿಮೆ. “ಬಂಗಾರದ ಮನುಷ್ಯ ಓಡುತ್ತಿತ್ತಲ್ಲ, ಆಗ” ಎಂದರೆ ಕೇಳುವವರಿಗೂ ತಿಳಿಯುತ್ತಿತ್ತು. ಗಡಿಯಾರ ಗೋಡೆಯ ಮೇಲಿರುವಷ್ಟು ದಿನ ಅದರ ಟಿಕ್ ಟಿಕ್ ನಮ್ಮ ಕಿವಿಗೆ ಬೀಳುವುದಿಲ್ಲ. ನಿಂತಾಗ ಮಾತ್ರ ಮನೆಯಲ್ಲಿ ಏನೋ ಬದಲಾಯಿತೆಂದು ತಲೆಯೆತ್ತಿ ನೋಡುತ್ತೇವೆ. ಆಗ ಕಾಣುವುದು ಗಡಿಯಾರವಲ್ಲ, ಎಷ್ಟು ಹೊತ್ತಾಯಿತೆಂಬುದು.

ಪಂಡಿತರೂ ಇದನ್ನು ವಿಚಾರಿಸಿದ್ದಾರೆ. ೧೯೫೬ರಲ್ಲಿಯೇ ಹಾರ್ಟನ್ ಮತ್ತು ವೋಲ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು, ರೇಡಿಯೋ ಟೆಲಿವಿಷನ್ನುಗಳಲ್ಲಿ ದಿನವೂ ಬರುವ ವ್ಯಕ್ತಿಯೊಡನೆ ಕೇಳುಗನಿಗೆ ಒಂದು ಬಗೆಯ ಸಲಿಗೆ ಬೆಳೆಯುತ್ತದೆಂದೂ, ಅದು ಒಂದೇ ಕಡೆಯಿಂದ ನಡೆಯುವ ಸ್ನೇಹವೆಂದೂ ಬರೆದರು. ಇನ್ನು ನೆನಪಿನ ಶಾಸ್ತ್ರದವರು ಕಂಡುಕೊಂಡಿರುವುದೇನೆಂದರೆ, ವಯಸ್ಸಾದವರನ್ನು ಅವರ ಬಾಳಿನ ಬಗ್ಗೆ ಕೇಳಿದಾಗ ಅತಿ ದಟ್ಟವಾಗಿ ಬರುವ ನೆನಪುಗಳು ಹತ್ತರಿಂದ ಮೂವತ್ತು ವರ್ಷದೊಳಗಿನವು. ನಮ್ಮಲ್ಲಿ ಬಹುಮಂದಿ ಊರು ಬಿಟ್ಟದ್ದು ಸರಿಯಾಗಿ ಆ ವಯಸ್ಸಿನಲ್ಲಿಯೇ. ಹತ್ತರಿಂದ ಇಪ್ಪತ್ತು ಊರಿನಲ್ಲಿ, ಇಪ್ಪತ್ತರಿಂದ ಮೂವತ್ತು ಮುಂಬಯಿಯ ಚಾಳಿನಲ್ಲೋ ದಿಲ್ಲಿಯ ಬಾಡಿಗೆಯ ಕೋಣೆಯಲ್ಲೋ. ಹಾಡು ಮಾತ್ರ ಎರಡೂ ಕಡೆ ಒಂದೇ. ಹಾಸಿಗೆ ಸುರುಳಿಯ ಜೊತೆಗೆ ರೈಲಿನಲ್ಲಿ ಟಿಕೇಟಿಲ್ಲದೆ ಬಂದ ಸಾಮಾನು ಅದೊಂದೇ.

ಈ ಭಾವಕ್ಕೆ ಈಗ ‘ಹಳಹಳಿಕೆ’ ಎಂಬ ಮಾತು ನಮ್ಮಲ್ಲಿ ಬಳಕೆಗೆ ಬಂದಿದೆ. ಇಂಗ್ಲಿಷು ಬಲ್ಲವರು ‘ನಾಸ್ಟಾಲ್ಜಿಯ’ ಎನ್ನುತ್ತಾರೆ. ಆ ಪದದ ಹುಟ್ಟಿನ ಕಥೆ ನಮ್ಮಂಥವರು ತಿಳಿದಿರಬೇಕಾದದ್ದು. ೧೬೮೮ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿಯೊಬ್ಬ ತನ್ನ ಪ್ರಬಂಧದಲ್ಲಿ ಈ ಪದವನ್ನು ಕಟ್ಟಿದ. ಗ್ರೀಕಿನಲ್ಲಿ ‘ನೋಸ್ಟೋಸ್’ ಎಂದರೆ ಮನೆಗೆ ಮರಳುವುದು, ‘ಆಲ್ಗೋಸ್’ ಎಂದರೆ ನೋವು. ಹೊಟ್ಟೆಪಾಡಿಗೆ ಪರದೇಶಗಳಲ್ಲಿ ಸೈನಿಕರಾಗಿದ್ದ ಸ್ವಿಸ್ ಜನರಿಗೂ, ಓದಿಗಾಗಿ ಊರು ಬಿಟ್ಟ ಹುಡುಗರಿಗೂ ತಗಲುತ್ತಿದ್ದ ಕಾಯಿಲೆ ಅದು: ಊಟ ಸೇರದು, ನಿದ್ದೆ ಬಾರದು, ಮೈ ಕರಗುತ್ತದೆ. ಮದ್ದು ಒಂದೇ, ಊರಿಗೆ ಕಳುಹಿಸುವುದು. ಅಂದರೆ ಮೂಲದಲ್ಲಿ ಈ ನೋವು ಕಾಲದ ವಿಷಯವಾಗಿರಲಿಲ್ಲ, ಊರಿನ ವಿಷಯವಾಗಿತ್ತು. ಅದರ ಮೊದಲ ಹಕ್ಕುದಾರರು ನಮ್ಮಂಥವರೇ, ಅನ್ನಕ್ಕಾಗಿ ಮನೆ ಬಿಟ್ಟವರು. ಹಳೆಯ ದಿನಗಳ ಹಂಬಲವೆಂಬ ಅರ್ಥ ಅದಕ್ಕೆ ಬಂದದ್ದು ಎಷ್ಟೋ ಕಾಲದ ಮೇಲೆ.

ಈ ಎರಡು ಅರ್ಥಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನನಗೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಹುಟ್ಟಿದ ಊರು ಬಿಡದೆ, ಅದೇ ಬೀದಿಯ ಅದೇ ಮನೆಯಲ್ಲಿ ಎಪ್ಪತ್ತು ವರ್ಷ ಕಳೆದವನೂ ಒಂದು ಊರನ್ನು ಬಿಟ್ಟೇ ಬಂದಿರುತ್ತಾನೆ. ಅದು ಅವನ ಬಾಲ್ಯದ ಊರು. ಅಲ್ಲಿಗೆ ಮರಳುವ ಗಾಡಿಯಿಲ್ಲ. ಆದರೆ ಅದೇ ಬೀದಿಯಲ್ಲಿರುವುದರಿಂದ ಅವನಿಗೆ ಇದು ದಿನವೂ ತಿಳಿಯುವುದಿಲ್ಲ. ಅವನ ಕಾಲದ ಕಂಠವೊಂದು ನಿಂತಾಗ ತಟ್ಟನೆ ತಿಳಿಯುತ್ತದೆ. ಅಂದು ಅವನೂ ನಮ್ಮ ಹಾಗೆ ಪರಸ್ಥಳದವನು. ನಮಗೆ ನಿತ್ಯವೂ ಇರುವ ನೋವು ಅವನಿಗೆ ಆ ಒಂದು ದಿನ ಬರುತ್ತದೆ. ಇಡೀ ದೇಶ ಒಟ್ಟಿಗೆ ಅಳುವುದರ ಗುಟ್ಟು ಇದೇ ಎಂದು ನನ್ನ ಎಣಿಕೆ.

ನಮ್ಮ ಅಳುವಿಗೆ ಮಾತ್ರ ಇನ್ನೂ ಒಂದು ಕಾರಣವುಂಟು. ಅದನ್ನು ನಾವು ಬಾಯಿ ಬಿಟ್ಟು ಹೇಳುವುದು ಕಡಿಮೆ. ಪರ ಊರಿನಲ್ಲಿರುವವನು ತನ್ನವರ ಸಾವಿಗೆ ಯಾವಾಗಲೂ ತಡವಾಗಿ ಹೋಗುವವನು. ಇಂದಿನ ಮಕ್ಕಳಿಗೆ ತಂತಿಯೆಂದರೆ ತಿಳಿಯದು. ಆ ಸೇವೆಯೇ ೨೦೧೩ರ ಜುಲೈಯಲ್ಲಿ ನಿಂತಿತು. ಆದರೆ ನಮ್ಮ ತಲೆಮಾರಿನವರಿಗೆ ಬಾಗಿಲಲ್ಲಿ ತಂತಿಯವನ ಸೈಕಲ್ಲಿನ ಸದ್ದಾದರೆ ಎದೆ ಹೊಡೆದುಕೊಳ್ಳುತ್ತಿತ್ತು. ‘ತಾಯಿಗೆ ಅಸ್ವಸ್ಥ, ಕೂಡಲೆ ಬಾ’ ಎಂದಿದ್ದರೆ ಅರ್ಥ ಏನೆಂದು ಎಲ್ಲರಿಗೂ ಗೊತ್ತು. ರಜೆ ಬೇಡಿ, ಕೈಗಡ ತಂದು, ರಾತ್ರಿ ಗಾಡಿ ಹತ್ತಿ, ಮೀರಜಿನಲ್ಲಿ ಗಾಡಿ ಬದಲಿಸಿ, ಊರು ಸೇರುವ ಹೊತ್ತಿಗೆ ಅಂಗಳದಲ್ಲಿ ನೀರು ಚೆಲ್ಲಿದ ಗುರುತೂ ಆರಿರುತ್ತಿತ್ತು. ಅಣ್ಣತಮ್ಮಂದಿರು ಅತ್ತು ಮುಗಿಸಿ ಹತ್ತನೆಯ ದಿನದ ಸಾಮಾನಿನ ಪಟ್ಟಿ ಬರೆಯುತ್ತಿದ್ದರು. ಅವರ ಮುಂದೆ ಹೊಸದಾಗಿ ಅಳುವುದಕ್ಕೆ ಸಂಕೋಚ. ನಾಲ್ಕು ದಿನವಿದ್ದು ತಿರುಗಿ ಬಂದರೆ ಇಲ್ಲಿ ಕಚೇರಿಯಲ್ಲಿ ಯಾರಿಗೂ ಆ ತಾಯಿಯ ಮುಖ ಗೊತ್ತಿಲ್ಲ. ಹೀಗೆ ಅಲ್ಲಿಯೂ ಸಲ್ಲದೆ ಇಲ್ಲಿಯೂ ಸಲ್ಲದೆ ಉಳಿದ ಅಳು ಒಂದೊಂದು ಮನೆಯಲ್ಲಿ ಎಷ್ಟಿದೆಯೋ!

ಖ್ಯಾತರ ಸಾವು ಹಾಗಲ್ಲ. ಅದರ ಸುದ್ದಿ ಬೆಂಗಳೂರಿಗೂ ಪುಣೆಗೂ ಒಂದೇ ಗಳಿಗೆಯಲ್ಲಿ ಮುಟ್ಟುತ್ತದೆ. ಅಲ್ಲಿಗೆ ನಾವು ತಡವಾಗಿ ಹೋದವರಲ್ಲ. ಊರಿನಲ್ಲಿರುವ ಅಣ್ಣನೂ ಇಲ್ಲಿರುವ ತಮ್ಮನೂ ಅದೇ ಪರದೆಯ ಮುಂದೆ, ಅದೇ ಹೊತ್ತಿಗೆ. ಪಕ್ಕದ ಮನೆಯವರಿಗೂ ಸತ್ತವರ ಹೆಸರು ಗೊತ್ತು; ಏಕೆ ಅಳುತ್ತೀರೆಂದು ಯಾರೂ ಕೇಳುವುದಿಲ್ಲ. ಆಗ ಹಳೆಯ ಬಾಕಿಯೂ ಜೊತೆಗೂಡಿ ಹರಿದುಹೋಗುತ್ತದೆ. ಆ ಮನೆಯ ಅಜ್ಜ ಅತ್ತದ್ದು ಲತಾ ಅವರಿಗಾಗಿಯೂ ಹೌದು, ಮೂರನೆಯ ವಾಕ್ಯದಲ್ಲಿ ಬರುವ ಅಪ್ಪನಿಗಾಗಿಯೂ ಹೌದು.

ಪುಣೆಯ ಕನ್ನಡಿಗರು ೨೦೧೧ರ ಜನವರಿ ೨೪ನ್ನು ಮರೆತಿರಲಾರರು. ಪಂಡಿತ ಭೀಮಸೇನ ಜೋಶಿಯವರು ತೀರಿಕೊಂಡ ದಿನ ಅದು. ೧೯೨೨ರಲ್ಲಿ ಗದಗ ಸೀಮೆಯಲ್ಲಿ ಹುಟ್ಟಿ, ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋಗಿ, ಉತ್ತರದೇಶವನ್ನೆಲ್ಲ ಅಲೆದು, ಕೊನೆಗೆ ಮನೆಯ ಸಮೀಪದಲ್ಲೇ ಇದ್ದ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಪದತಲದಲ್ಲಿ ಕಲಿತವರು. ಬಾಳಿದ್ದು ಪುಣೆಯಲ್ಲಿ. ಗುರುಗಳ ನೆನಪಿಗಾಗಿ ೧೯೫೩ರಲ್ಲಿ ಆರಂಭವಾದ ಸಂಗೀತೋತ್ಸವವನ್ನು ಬೆಳೆಸಿ ದೇಶಕ್ಕೇ ದೊಡ್ಡದು ಮಾಡಿದರು. ೨೦೦೮ರಲ್ಲಿ ಅವರಿಗೆ ಭಾರತರತ್ನ ಘೋಷಣೆಯಾಯಿತು. ಅವರು ಮರಾಠಿಯಲ್ಲಿ ಅಭಂಗಗಳನ್ನು ಹಾಡಿದರು, ಕನ್ನಡದಲ್ಲಿ ದಾಸರ ಪದಗಳನ್ನು ಹಾಡಿದರು. ಬೆಳಗಿನ ಹೊತ್ತು ಎದುರು ಮನೆಯ ಮರಾಠಿಯವರಲ್ಲಿ ತುಕಾರಾಮರು, ನಮ್ಮಲ್ಲಿ ಪುರಂದರದಾಸರು. ಕಂಠ ಮಾತ್ರ ಒಂದೇ.

ಅವರು ಹೋದ ದಿನ ‘ಅವರು ನಮ್ಮವರು’ ಎಂದು ಮಹಾರಾಷ್ಟ್ರ ಹೇಳಿತು. ‘ನಮ್ಮವರು’ ಎಂದು ಗದಗು ಧಾರವಾಡಗಳೂ ಹೇಳಿದವು. ಎರಡೂ ನಿಜವೇ. ಎರಡು ಊರುಗಳಲ್ಲಿ ಸೂತಕ ಹಿಡಿಯುವಂತೆ ಬಾಳುವುದು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಪರ ಊರಿಗೆ ಬಂದ ಮಾತ್ರಕ್ಕೆ ಹುಟ್ಟಿದೂರು ಕೈಬಿಡುವುದಿಲ್ಲ, ಸೇರಿದೂರು ಪರಕೀಯವಾಗಿಯೇ ಉಳಿಯಬೇಕಾಗಿಯೂ ಇಲ್ಲ ಎಂಬುದಕ್ಕೆ ಅವರ ಬಾಳು ಒಂದು ಸಾಕ್ಷಿ. ಅಂದು ಎಷ್ಟೋ ಕನ್ನಡ ಮನೆಗಳು ಹಳಹಳಿಸಿದ್ದು ಗದಗಿಗಾಗಿ ಮಾತ್ರವಲ್ಲ, ತಾವು ಮೊದಲು ಬಂದಿಳಿದ ಪುಣೆಗಾಗಿಯೂ.

ಚೆನ್ನೈಯ ಬಂಧುಗಳಿಗೂ ಇಂಥದೇ ಒಂದು ಅನುಭವವುಂಟು. ಕನ್ನಡ ಚಿತ್ರಗಳು ಹೆಚ್ಚಾಗಿ ಮದರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ ರಾಜಕುಮಾರರಿಗೆ ಕಂಠ ಕೊಟ್ಟವರು ಪಿ. ಬಿ. ಶ್ರೀನಿವಾಸರು. ಅವರ ಮನೆಮಾತು ಕನ್ನಡವಲ್ಲ, ಹುಟ್ಟಿದ್ದು ಕಾಕಿನಾಡದಲ್ಲಿ. ಜೇಬಿನ ತುಂಬ ಬಣ್ಣಬಣ್ಣದ ಪೆನ್ನುಗಳನ್ನಿಟ್ಟುಕೊಂಡು ಡ್ರೈವ್-ಇನ್ ವುಡ್‌ಲ್ಯಾಂಡ್ಸ್ ಹೋಟೆಲಿನಲ್ಲಿ ಗಂಟೆಗಟ್ಟಲೆ ಬರೆಯುತ್ತ ಕುಳಿತಿರುತ್ತಿದ್ದರು. ಉಡುಪಿಯ ಕಡೆಯ ಕೃಷ್ಣರಾಯರು ಕಟ್ಟಿದ ಆ ಹೋಟೆಲು ೨೦೦೮ರಲ್ಲಿ ಮುಚ್ಚಿತು. ಶ್ರೀನಿವಾಸರು ೨೦೧೩ರ ಏಪ್ರಿಲ್ ೧೪ರಂದು ಹೋದರು. ಆ ದಿನ ಚೆನ್ನೈಯ ಕನ್ನಡಿಗರು ಒಂದು ಕಂಠದ ಜೊತೆಗೆ ಒಂದು ಮೇಜನ್ನೂ ಒಂದು ಲೋಟ ಕಾಫಿಯನ್ನೂ ಕಳೆದುಕೊಂಡರು.

ಇಷ್ಟು ಹೇಳಿದ ಮೇಲೆ ಹಳಹಳಿಕೆಯ ಇನ್ನೊಂದು ಮುಖವನ್ನೂ ಹೇಳಬೇಕು. ಅದು ಸಿಹಿ ಹೆಚ್ಚು ಹಾಕುವ ಅಡಿಗೆಯವನ ಹಾಗೆ. ಪದಾರ್ಥದ ನಿಜವಾದ ರುಚಿಯನ್ನು ಮರೆಸುತ್ತದೆ. ೨೦೨೪ರ ಫೆಬ್ರವರಿ ೨೦ರಂದು ಅಮೀನ್ ಸಯಾನಿಯವರು ತೀರಿಕೊಂಡ ಮೇಲೆ ನಾವು ಕೆಲವರು ಒಂದೆಡೆ ಕಲೆತಿದ್ದಾಗ ಗಂಡಸರೆಲ್ಲರೂ ಗೀತಮಾಲೆಯ ದಿನಗಳನ್ನು ಹೊಗಳಿದ್ದೇ ಹೊಗಳಿದ್ದು: “ಅಂಥ ಕಾಲ ಮತ್ತೆ ಬರೋದಿಲ್ಲ ಬಿಡಿ.” ಮೂಲೆಯಲ್ಲಿ ಕುಳಿತಿದ್ದ ಹಿರಿಯ ಮಹಿಳೆಯೊಬ್ಬರು ಇಷ್ಟು ಹೊತ್ತು ಸುಮ್ಮನಿದ್ದವರು, “ಬರದೇ ಇದ್ದರೇ ಒಳ್ಳೇದು” ಎಂದರು. ಎಲ್ಲರೂ ನಕ್ಕರು. ಆಕೆ ನಗಲಿಲ್ಲ. “ಆ ಹಾಡುಗಳೆಲ್ಲ ನನಗೂ ಬರುತ್ವೆ. ಆದರೆ ನಾನು ಕೇಳಿದ್ದು ಪಂಪ್ ಸ್ಟೋವಿನ ಸದ್ದಿನೊಳಗೆ. ಬುಧವಾರ ಎಂಟು ಗಂಟೆ ಅಂದರೆ ನಿಮಗೆಲ್ಲ ರೇಡಿಯೋ ಮುಂದೆ ಕೂರೋ ಹೊತ್ತು, ನಮಗೆ ಚಪಾತಿ ಲಟ್ಟಿಸೋ ಹೊತ್ತು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಚಾಳಿನ ನಲ್ಲಿಗೆ ಸಾಲು ಹಚ್ಚಬೇಕು. ಸೀಮೆಎಣ್ಣೆಗೆ ಇನ್ನೊಂದು ಸಾಲು. ಚೆನ್ನಾಗಿತ್ತಂತೆ ಆ ಕಾಲ!” ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಅನಂತರ ಅವರೇ ಮೆಲ್ಲಗೆ ಹೇಳಿದರು: “ಆದರೂ ನನಗೆ ಬೇಕಾದ ಹಾಡು ಬಂದರೆ ಲಟ್ಟಣಿಗೆ ನಿಂತುಬಿಡ್ತಿತ್ತು. ದಿನದಲ್ಲಿ ಅಷ್ಟು ಹೊತ್ತು ಮಾತ್ರ ನನ್ನದು. ಅದಕ್ಕೇ ಆ ಮನುಷ್ಯ ಹೋದ ಅಂದಾಗ ನನಗೂ ಸಂಕಟವಾಯಿತು.”

ಅಂದು ಅಲ್ಲಿ ಆಡಿದ ಮಾತುಗಳಲ್ಲಿ ಇದೊಂದೇ ನನಗೆ ಪೂರ್ತಿ ನಿಜವೆನಿಸಿತು. ಕಾಲವೂ ಚೆನ್ನಾಗಿರಲಿಲ್ಲ, ಬಾಳೂ ಸುಲಭವಾಗಿರಲಿಲ್ಲ. ಆ ಕಷ್ಟದ ನಡುವೆ ಲಟ್ಟಣಿಗೆ ನಿಲ್ಲುವಂತೆ ಮಾಡಿದವನೊಬ್ಬನಿದ್ದ. ಅವನಿಗೆ ಸಲ್ಲಬೇಕಾದ ಕೃತಜ್ಞತೆಯನ್ನು ನಾವು ಅವನ ಕಾಲಕ್ಕೆ ಸಲ್ಲಿಸಿಬಿಡುತ್ತೇವೆ. ಇದು ಸಣ್ಣ ವ್ಯತ್ಯಾಸವಲ್ಲ. ‘ಆ ಕಾಲವೇ ಕಾಲ’ ಎಂದು ದಿನವೂ ಕೇಳುವ ಮಕ್ಕಳು, ತಾವು ಹುಟ್ಟಿದ್ದು ತಡವಾಯಿತೆಂದಾಗಲಿ, ಹಿರಿಯರು ಸುಳ್ಳು ಹೇಳುತ್ತಿದ್ದಾರೆಂದಾಗಲಿ ತೀರ್ಮಾನಿಸುತ್ತಾರೆ. ನಲ್ಲಿಯ ಸಾಲನ್ನೂ ಹಾಡನ್ನೂ ಒಟ್ಟಿಗೆ ಹೇಳಿದರೆ ನಂಬುತ್ತಾರೆ.

ಜನರ ಸಂಕಟ ದಾರಿ ತಪ್ಪುವುದೂ ಉಂಟು. ೨೦೦೬ರ ಏಪ್ರಿಲ್ ೧೨ರಂದು ರಾಜಕುಮಾರರು ಅಗಲಿದಾಗ ಬೆಂಗಳೂರಿನಲ್ಲಿ ಕಲ್ಲು ತೂರಿದರು, ವಾಹನಗಳಿಗೆ ಬೆಂಕಿಯಿಟ್ಟರು, ಜೀವಗಳೂ ಹೋದವು. ಬದುಕಿನುದ್ದಕ್ಕೂ ಅಭಿಮಾನಿಗಳನ್ನು ದೇವರೆಂದು ಕರೆದ ಮನುಷ್ಯನಿಗೆ ಸಲ್ಲುವ ಅಂತ್ಯಸಂಸ್ಕಾರವಾಗಿರಲಿಲ್ಲ ಅದು. ಆದರೆ ಅದೇ ದಿನ ಅವರ ಕಣ್ಣುಗಳು ದಾನವಾಗಿ ಹೋದವು. ಹದಿನೈದು ವರ್ಷಗಳ ಮೇಲೆ, ೨೦೨೧ರ ಅಕ್ಟೋಬರ್ ೨೯ರಂದು, ಅವರ ಮಗ ಪುನೀತರು ನಲವತ್ತಾರನೆಯ ವಯಸ್ಸಿನಲ್ಲಿ ಹಠಾತ್ತನೆ ಹೋದಾಗ ಲಕ್ಷಗಟ್ಟಲೆ ಜನ ಸಾಲಿನಲ್ಲಿ ನಿಂತು ದರ್ಶನ ಪಡೆದರು. ಪುನೀತರ ಕಣ್ಣುಗಳು ನಾಲ್ವರಿಗೆ ದೃಷ್ಟಿ ಕೊಟ್ಟವು. ಅದನ್ನು ಕೇಳಿ ನೇತ್ರದಾನಕ್ಕೆ ಹೆಸರು ಬರೆಸಿದವರು ಅಸಂಖ್ಯ. ಅದೇ ಬಗೆಯ ಸಂಕಟ ಒಂದು ಸಲ ಬೆಂಕಿಯಾಯಿತು, ಇನ್ನೊಂದು ಸಲ ಬೆಳಕಾಯಿತು.

ಪುನೀತರ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಒಂದು ವಿಶೇಷ ನಡೆಯಿತು. ಅವರು ಹುಟ್ಟಿದ್ದು ೧೯೭೫ರಲ್ಲಿ ಮದರಾಸಿನಲ್ಲಿ, ನಮ್ಮ ಎಷ್ಟೋ ಮಕ್ಕಳ ಹಾಗೆ ರಾಜ್ಯದ ಹೊರಗೆ. ‘ಬೆಟ್ಟದ ಹೂವು’ ೧೯೮೫ರಲ್ಲಿ ಬಂದಾಗ ಹತ್ತು ವರ್ಷದ ಹುಡುಗ. ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಬಾಲನಟ. ಆಗ ಹತ್ತು ವರ್ಷದವರಾಗಿದ್ದ ನಮ್ಮ ಮಕ್ಕಳು ಅವನ ಜೊತೆಜೊತೆಯಲ್ಲೇ ಬೆಳೆದರು. ಕನ್ನಡ ಓದಲು ತಡವರಿಸುವ, ಮನೆಯಲ್ಲಿ ಅರ್ಧ ಹಿಂದಿ ಅರ್ಧ ಇಂಗ್ಲಿಷು ಆಡುವ ಈ ನಡುವಯಸ್ಸಿನವರು ಆ ದಿನ ಕಚೇರಿಯ ಕೆಲಸ ಬಿಟ್ಟು ಪರದೆಯ ಮುಂದೆ ಕುಳಿತು ಅತ್ತರು. ತಾಯ್ತಂದೆಗಳಿಗೆ ಆಶ್ಚರ್ಯ. “ಇವರಿಗೆ ಕನ್ನಡ ಬೇಡವೆಂದು ನಾವು ತಿಳಿದಿದ್ದೆವು” ಎಂದು ಹಲವರು ಹೇಳಿದ್ದನ್ನು ಕೇಳಿದ್ದೇನೆ. ಅವರು ಅತ್ತದ್ದು ಯಾವುದಕ್ಕಾಗಿ? ಬೇಸಿಗೆ ರಜೆಯಲ್ಲಿ ಅಜ್ಜಿಯ ಊರಿನ ಟೆಂಟಿನಲ್ಲಿ ನೋಡಿದ ಸಿನಿಮಾಕ್ಕಾಗಿ, ಭಾನುವಾರ ಎಲ್ಲರೂ ಒಟ್ಟಿಗೆ ಕುಳಿತು ನೋಡಿದ ವಿಡಿಯೋ ಕ್ಯಾಸೆಟ್ಟಿಗಾಗಿ, ಆ ದಿನ ಮಾತ್ರ ಮನೆಯಲ್ಲಿ ಪೂರ್ತಿ ಕನ್ನಡವೇ ಕೇಳುತ್ತಿದ್ದುದಕ್ಕಾಗಿ.

ಆದುದರಿಂದ ಲತಾ ಅವರಿಗಾಗಿ, ಭೀಮಸೇನರಿಗಾಗಿ ಮೊಮ್ಮಕ್ಕಳು ಅಳಲಿಲ್ಲವೆಂದು ಯಾರೂ ಬೇಸರಪಡಬೇಕಾಗಿಲ್ಲ. ಅವರ ಗಡಿಯಾರ ಬೇರೆ. ಎಂದೋ ಒಂದು ದಿನ ಅದೂ ನಿಲ್ಲುತ್ತದೆ. ಆಗ ಅವರ ಮೂರನೆಯ ವಾಕ್ಯದಲ್ಲಿ ಬರುವುದು ಗದಗೂ ಅಲ್ಲ, ಉಡುಪಿಯೂ ಅಲ್ಲ. ಈಗ ನಾವಿರುವ ಈ ಎರಡು ಕೋಣೆಯ ಮನೆ, ಈ ಬಾಲ್ಕನಿಯ ತುಳಸಿ ಕುಂಡ, ಹಬ್ಬದ ದಿನ ಸಂಘದ ಸಭಾಂಗಣದಲ್ಲಿ ಸಾಲಾಗಿ ಕುಳಿತು ಉಂಡ ಬಿಸಿಬೇಳೆ ಭಾತು, “ಕನ್ನಡದಲ್ಲಿ ಮಾತಾಡೋ” ಎಂದು ನಾವು ಗದರಿದ್ದು. ನಮಗೆ ಇದು ಪರಸ್ಥಳ. ಅವರಿಗೆ ಇದೇ ಬಿಟ್ಟುಬಂದ ಊರಾಗುತ್ತದೆ. ಅವರು ಆಗ ಯಾವುದನ್ನು ನೆನೆಯಬೇಕೋ ಅದು ಇಂದು ನಮ್ಮ ಮನೆಗಳಲ್ಲಿ ನಡೆಯುತ್ತಿದೆ.

ಮುಂದಿನ ಸಲ ಇಂಥ ಸುದ್ದಿ ಬಂದಾಗ ಮಗು “ಪರಿಚಯ ಇತ್ತಾ?” ಎಂದು ಕೇಳಿದರೆ, “ಇರಲಿಲ್ಲ ಮಗು, ಬಾ ಕೂತ್ಕೋ” ಎಂದು ಹೇಳಿ, ಚಾಳಿನ ಮನೆಯನ್ನೂ ನಲ್ಲಿಯ ಸಾಲನ್ನೂ ಮೀರಜಿನ ಪ್ಲಾಟುಫಾರಮ್ಮನ್ನೂ ಇದ್ದುದಿದ್ದಂತೆ ಹೇಳಿ. ಅಡಿಗೆಮನೆಯಲ್ಲಿ ಅಜ್ಜಿಯಿದ್ದರೆ ಅವರನ್ನೂ ಕರೆಯಿರಿ; ಅವರಿಗೆ ಗೊತ್ತಿರುವುದು ಬೇರೆಯೇ ಇರುತ್ತದೆ.